ಅಂಡಾಶಯದ ಕ್ಯಾನ್ಸರ್‌ಗೆ ಕಾರ್-ಟಿ: ಮನೆ ಮಾರುವ ಮುಂಚೆ

ಪ್ರಶ್ನೆ: ಡಾಕ್ಟ್ರೇ, ನಾವು ಡೊಂಬಿವಲಿಯಲ್ಲಿದ್ದೇವೆ. ಅಮ್ಮನಿಗೆ 58 ವರ್ಷ, ಅಂಡಾಶಯದ ಕ್ಯಾನ್ಸರ್. ಆಪರೇಷನ್, ಕೀಮೋ ಎಲ್ಲ ಆಯಿತು. ನಾಲ್ಕೇ ತಿಂಗಳಲ್ಲಿ ರಕ್ತ ಪರೀಕ್ಷೆಯಲ್ಲಿ ಸಿಎ-125 ಮತ್ತೆ ಏರಿದೆ, ಸ್ಕ್ಯಾನ್‌ನಲ್ಲೂ ಗಡ್ಡೆ ಕಂಡಿದೆ. ಮುಂಬೈಯಲ್ಲೇ ಕಾರ್-ಟಿ ಚಿಕಿತ್ಸೆ ಇದೆಯಂತೆ. ಊರಿನ ಮನೆ ಮಾರಿ ಕೊಡಿಸೋಣವೇ?

ಉತ್ತರ: ಈ ಕಾರಣಕ್ಕಂತೂ ಮನೆ ಮಾರಬೇಡಿ, ತಾಯಿ.

ನೀವು ಕೇಳಿದ್ದು ಅರ್ಧ ನಿಜ. ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ ಮಾತ್ರ. ರೋಗಿಯ ರಕ್ತದಿಂದ, ರೋಗದ ವಿರುದ್ಧ ಹೋರಾಡುವ ಟಿ ಕೋಶಗಳನ್ನು ಬೇರ್ಪಡಿಸಿ, ಲ್ಯಾಬ್‌ನಲ್ಲಿ ಹೊಸ ಜೀನ್ ಸೇರಿಸಿ, ಬೆಳೆಸಿ, ಡ್ರಿಪ್‌ನಲ್ಲಿ ವಾಪಸ್ ಕೊಡುತ್ತಾರೆ. ಅವು ಹುಡುಕುವುದು ಸಿಡಿ19 ಎಂಬ ಗುರುತನ್ನು. ಅದಿರುವುದು ರಕ್ತದ ಬಿ ಕೋಶಗಳ ಮೇಲೆ, ಅಮ್ಮನ ಗಡ್ಡೆಯ ಮೇಲಲ್ಲ.

ಅಂಡಾಶಯದ ಕ್ಯಾನ್ಸರ್‌ಗೆ ಗುರುತೇ ಇಲ್ವಾ? ಇದೆ. ನೀವು ರಿಪೋರ್ಟ್‌ನಲ್ಲಿ ನೋಡುವ ಸಿಎ-125, ಮಕ್16 ಎಂಬ ದೊಡ್ಡ ಪ್ರೋಟೀನಿನಿಂದ ಕಳಚಿ ರಕ್ತಕ್ಕೆ ಸೇರಿದ ತುಂಡು. ಟಿ ಕೋಶ ಆ ತುಂಡಿನ ಹಿಂದೆ ಹೋದರೆ ಸುಮ್ನೆ ದಂಡ, ಅಲ್ವಾ? ಅದಕ್ಕೇ ಸಂಶೋಧಕರು ಕ್ಯಾನ್ಸರ್ ಕೋಶದ ಮೇಲೆ ಉಳಿಯುವ ಬುಡಕ್ಕೆ ಗುರಿ ಇಡುತ್ತಿದ್ದಾರೆ. ಮೀಸೋಥೆಲಿನ್ ಇನ್ನೊಂದು ಗುರಿ. ಅದು ಹೊಟ್ಟೆ, ಶ್ವಾಸಕೋಶ, ಹೃದಯದ ಹೊರಪೊರೆಯಲ್ಲೂ ಸ್ವಲ್ಪ ಇರುವುದರಿಂದ ಏಟು ಅಲ್ಲಿಗೂ ಬೀಳಬಹುದು. ಸಾಲದ್ದಕ್ಕೆ, ಒಂದೇ ಗಡ್ಡೆಯ ಕೋಶಗಳೆಲ್ಲ ಒಂದೇ ಗುರುತು ತೋರಿಸುವುದಿಲ್ಲ. ಗಡ್ಡೆಯೊಳಗೆ ಹೊಕ್ಕ ಟಿ ಕೋಶ ಬೇಗ ಸುಸ್ತಾಗುತ್ತದೆ. ಈ ಕೋಶಗಳನ್ನು ನೇರ ಹೊಟ್ಟೆಯೊಳಗೇ ಕೊಟ್ಟೂ ನೋಡಿದ್ದಾರೆ. ಬೇರೆಯವರ ಕೋಶದಿಂದ ಮೊದಲೇ ತಯಾರಿಸಿಡುವ ಕಾರ್-ಎನ್‌ಕೆಟಿ ಎಂಬ ಇನ್ನೊಂದು ಬಗೆಯ ಚಿಕಿತ್ಸೆಯ ಬಗ್ಗೆ ನನಗೆ ಜಾಸ್ತಿ ಆಸೆ ಇದೆ. ಆದರೆ ಇವೆಲ್ಲ ಇನ್ನೂ ಪ್ರಯೋಗಗಳೇ.

ಭಾರತದಲ್ಲಿ ಇಂಥ ಟ್ರಯಲ್ ನಡೆದರೆ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಇರಲೇಬೇಕು. ಅದರ ನಂಬರ್ ಕೇಳಿ. "ಲಕ್ಷಗಟ್ಟಲೆ ಕಟ್ಟಿ, ಟ್ರಯಲ್‌ಗೆ ಸೇರಿಸ್ತೀವಿ" ಎಂದರೆ ಎದ್ದು ಬನ್ನಿ.

ಈಗ ಆಗಬೇಕಾದ ಕೆಲಸ ಬೇರೆ ಇದೆ. ಪ್ಲಾಟಿನಂ ಕೀಮೋ ಮುಗಿದ ಆರು ತಿಂಗಳೊಳಗೆ ರೋಗ ಮರಳಿದರೆ ಅದೇ ಔಷಧಿ ಸಾಮಾನ್ಯವಾಗಿ ಕೈಕೊಡುತ್ತದೆ. ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್, ಜೊತೆಗೆ ಬೆವಾಸಿಜುಮ್ಯಾಬ್ ಆಗುತ್ತದೆಯೇ ಎಂದು ನಿಮ್ಮ ಆಂಕಾಲಜಿಸ್ಟ್‌ರನ್ನು ಕೇಳಿ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ನೋವಿದ್ದರೆ, ಬಾಧೆ ತಗ್ಗಿಸುವ ಪ್ಯಾಲಿಯೇಟಿವ್ ವಿಭಾಗಕ್ಕೆ ಈಗಲೇ ತೋರಿಸಿ. ಅಲ್ಲಿಗೆ ಕೊನೆಗಾಲದಲ್ಲಿ ಮಾತ್ರ ಹೋಗುವುದು ಎಂಬುದು ತಪ್ಪು. ಬಿಆರ್‌ಸಿಎ ಎಂಬ ಜೀನ್‌ಗಳ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಅದರಲ್ಲಿ ದೋಷ ಸಿಕ್ಕರೆ ನೀವೂ ನಿಮ್ಮ ಒಡಹುಟ್ಟಿದವರೂ ಜೆನೆಟಿಕ್ ಕೌನ್ಸೆಲರ್‌ರನ್ನು ಕಾಣಬೇಕು.