ವಿಭಾಗದ ಜಗಳ ಅಮಾನತಿನವರೆಗೆ ಬಂದಾಗ

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಹ ಪ್ರಾಧ್ಯಾಪಕಿ. ಹದಿನಾರು ವರ್ಷದ ಸರ್ವಿಸ್. ವಿಭಾಗದ ಮುಖ್ಯಸ್ಥರಿಗೂ ನನಗೂ ಎರಡು ವರ್ಷದಿಂದ ಸರಿಯಿಲ್ಲ. ಟೈಮ್‌ಟೇಬಲ್‌ನಿಂದ ಶುರುವಾಗಿ ಲ್ಯಾಬ್ ಕೀಲಿ, ಪಿಎಚ್‌.ಡಿ ವಿದ್ಯಾರ್ಥಿಗಳ ಹಂಚಿಕೆವರೆಗೆ ಬಂತು. ಕಳೆದ ತಿಂಗಳು ವಿಭಾಗದ ಸಭೆಯಲ್ಲಿ ಮಾತಿಗೆ ಮಾತು ಬೆಳೆಯಿತು. ನಾನು ದನಿ ಎತ್ತಿದ್ದು ನಿಜ. ಅವರೂ ಎತ್ತಿದರು. ಆದರೆ ಕಾರಣ ಕೇಳಿ ನೋಟಿಸ್ ಬಂದಿದ್ದು ನನಗೆ ಮಾತ್ರ. ಅದರಲ್ಲಿ 'ಅಶಿಸ್ತಿನ ವರ್ತನೆ' ಅಂತಷ್ಟೇ ಇತ್ತು. ಉತ್ತರಕ್ಕೆ ಮೂರು ದಿನ ಕೊಟ್ಟಿದ್ದರು. ಸಿಟ್ಟಿನಲ್ಲಿ ಆರು ಪುಟ ಬರೆದುಕೊಟ್ಟೆ. ಈಗ ಅಮಾನತು ಆದೇಶ ಕೈಯಲ್ಲಿದೆ. ಹೈಕೋರ್ಟ್‌ಗೆ ಹೋಗಲೇ?

ಉತ್ತರ: ಮೇಡಂ, ನಿಮ್ಮ ಪತ್ರ ಎರಡು ಸಲ ಓದಿದೆ. ಅಮಾನತು ಕಾನೂನಿನ ಪ್ರಕಾರ ಶಿಕ್ಷೆಯಲ್ಲ. ವಿಚಾರಣೆಗೆ ಅಡ್ಡಿಯಾಗದಿರಲಿ ಅಂತ ಸ್ವಲ್ಪ ಕಾಲ ದೂರ ಇಡುವ ಕ್ರಮ. ಆದರೆ ಹದಿನಾರು ವರ್ಷ ಪಾಠ ಮಾಡಿದ ಜಾಗದಲ್ಲಿ ಗೇಟಿನ ಸೆಕ್ಯುರಿಟಿಯವರು ನೋಡುವ ನೋಟವೇ ಬದಲಾಗುತ್ತದೆ. ಆ ನೋವು ಸಣ್ಣದಲ್ಲ, ನನಗೆ ಗೊತ್ತು.

ನಿಮ್ಮ ಪತ್ರದಲ್ಲಿ ಜಗಳ ಮತ್ತು ಆದೇಶ ಎರಡೂ ಕಲಸಿಹೋಗಿವೆ. ಜಗಳ ಮುಖ್ಯಸ್ಥರ ಜೊತೆ. ಆದೇಶ ವಿಶ್ವವಿದ್ಯಾಲಯದ್ದು. ಇನ್ನು ಮುಂದೆ ನೀವು ಎದುರಿಸಬೇಕಾದದ್ದು ಆದೇಶವನ್ನು. ಜಗಳದಲ್ಲಿ ಯಾರು ಸರಿ ಅಂತ ತೀರ್ಮಾನಿಸಲು ಅಲ್ಲಿ ಯಾರೂ ಕೂತಿಲ್ಲ.

ಆದೇಶದ ಪ್ರತಿಯನ್ನು ಮುಂದಿಟ್ಟುಕೊಳ್ಳಿ. ಮೇಲ್ಗಡೆ 'ಓದಲಾಗಿದೆ' ಅಥವಾ 'ಉಲ್ಲೇಖ' ಅಂತ ಒಂದು ಪಟ್ಟಿ ಇರುತ್ತದೆ. ಎಲ್ಲರೂ ಅದನ್ನು ಬಿಟ್ಟು ನೇರ ಕೊನೆಯ ಪ್ಯಾರಾಕ್ಕೆ ಹೋಗುತ್ತಾರೆ. ನಿಮ್ಮ ಮೇಲೆ ಯಾರು, ಯಾವ ದಿನ ಬರೆದುಕೊಟ್ಟಿದ್ದಾರೆ ಅನ್ನುವುದು ಆ ಪಟ್ಟಿಯಲ್ಲೇ ಸಿಗುತ್ತದೆ. ನಿಮಗೆ ಕೊಟ್ಟಿಲ್ಲದ ಪತ್ರ ಅಲ್ಲಿದ್ದರೆ ಅದರ ಪ್ರತಿ ಕೇಳಿ. ಕೆಳಗೆ ಸಹಿ ಯಾರದ್ದು ನೋಡಿ. ಕುಲಸಚಿವರದ್ದಾದರೆ ಯಾರ ಅನುಮೋದನೆ ಮೇಲೆ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮುಂದೆ ವಿಷಯ ಬಂದಿದೆಯಾ, ಇದನ್ನೂ ಬರವಣಿಗೆಯಲ್ಲೇ ಕೇಳಿ. ಅಧಿಕಾರ ಇಲ್ಲದವರು ಕೊಟ್ಟ ಆದೇಶ ನಿಲ್ಲುವುದಿಲ್ಲ.

ಇನ್ನು ಆ ಆರು ಪುಟ. ನನಗೆ ಚಿಂತೆ ಇರುವುದು ಅದರ ಬಗ್ಗೆಯೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಅಧ್ಯಾಪಕರ ವೃತ್ತಿ ನೀತಿಯ ಭಾಗವೊಂದಿದೆ. ಆಧಾರವಿಲ್ಲದೆ ಸಹೋದ್ಯೋಗಿಗಳ ಮೇಲೆ ಮೇಲಧಿಕಾರಿಗಳಿಗೆ ಆರೋಪ ಹೊರಿಸಬಾರದು ಅಂತ ಅಲ್ಲಿದೆ. ನೀವು ಎರಡು ವರ್ಷದ ಕಥೆಯನ್ನೆಲ್ಲ ಬರೆದಿದ್ದರೆ ನಾಳೆ ಅದೇ ಹೊಸ ಆರೋಪವಾಗಬಹುದು. ಹಾಗಾಗಿ ಒಂದು ಪುಟದ ಹೆಚ್ಚುವರಿ ಉತ್ತರ ಕೊಡಿ. ದನಿ ಎತ್ತಿದ್ದು ನಿಜ, ಅದಕ್ಕೆ ವಿಷಾದ ಇದೆ ಅಂತ ಬರೆಯಿರಿ. ನಿಜವನ್ನು ಒಪ್ಪಿಕೊಂಡವರ ಉಳಿದ ಮಾತಿಗೂ ಬೆಲೆ ಬರುತ್ತದೆ. ಯಾವ ಮಾತು, ಯಾವ ವರ್ತನೆ ಅಶಿಸ್ತು ಅಂತ ನೋಟಿಸ್‌ನಲ್ಲಿ ಹೇಳಿಲ್ಲ, ಉತ್ತರಕ್ಕೆ ಸಮಯ ಸಾಲಲಿಲ್ಲ ಅಂತಲೂ ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಜೆರಾಕ್ಸ್ ಮೇಲೆ ಸೀಲ್, ತಾರೀಖು ಹಾಕಿಸಿಕೊಂಡು ಬನ್ನಿ. ಗುಮಾಸ್ತರು 'ಆಮೇಲೆ ಹಾಕ್ತೀನಿ ಮೇಡಂ' ಅಂದರೆ ಅಲ್ಲೇ ನಿಂತಿರಿ. ಆ ಸೀಲ್ ಇಲ್ಲದಿದ್ದರೆ ನೀವು ಕೊಟ್ಟೇ ಇಲ್ಲ ಅಂತಾಗುತ್ತದೆ.

ಅದೇ ದಿನ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ವಿಭಾಗದ ಸಭೆಯ ನಡಾವಳಿ ಪುಸ್ತಕದ ಆ ದಿನದ ಪುಟದ ದೃಢೀಕೃತ ಪ್ರತಿ ಕೇಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ನಾನು ವಿಚಾರಣಾಧಿಕಾರಿಯಾಗಿದ್ದಾಗ ಇಂಥದ್ದೇ ಒಂದು ಪುಸ್ತಕ ನನ್ನ ಮೇಜಿಗೆ ಬಂತು. ಪುಟದ ಬರಹವೆಲ್ಲ ನೀಲಿ ಶಾಯಿ, ಅಗಲವಾದ ಅಕ್ಷರ. ಕೊನೆಯ ಸಾಲಿಗೂ ಸಹಿಗಳಿಗೂ ನಡುವೆ ಮಾತ್ರ ಒಂದು ಸಾಲು ಕಪ್ಪು ಶಾಯಿಯಲ್ಲಿ, ಇರುಕಿಸಿ ಬರೆದಂತಿತ್ತು. ಆರೋಪವೆಲ್ಲ ಆ ಒಂದು ಸಾಲಿನ ಮೇಲೆ ನಿಂತಿತ್ತು. ಸಹಿ ಮಾಡಿದ ಐವರಲ್ಲಿ ನಾಲ್ವರು ಸಹಿ ಮಾಡುವಾಗ ಆ ಸಾಲು ಇರಲಿಲ್ಲ ಅಂದರು. ನಿಮ್ಮಲ್ಲಿ ಹಾಗಾಗಿದೆ ಅನ್ನುತ್ತಿಲ್ಲ. ಪ್ರತಿ ನಿಮ್ಮ ಹತ್ತಿರ ಇರಲಿ.

ಮುಂದಿನದು ಇಲಾಖಾ ವಿಚಾರಣೆ. ನಮ್ಮ ರಾಜ್ಯದ ಸರ್ಕಾರಿ ನೌಕರರಿಗೆ 1957ರ ಸಿಸಿಎ, ಅಂದರೆ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಿವೆ. ನಿಮ್ಮ ವಿಶ್ವವಿದ್ಯಾಲಯದ ಪರಿನಿಯಮ ಅದನ್ನೇ ಅನುಸರಿಸುತ್ತದೆಯೋ ಬೇರೆ ಇದೆಯೋ ನೋಡಿಕೊಳ್ಳಿ. ಆ ನಿಯಮಗಳಲ್ಲಿ ವಾಗ್ದಂಡನೆ, ವೇತನ ಬಡ್ತಿ ತಡೆಯಂಥ ಸಣ್ಣ ದಂಡನೆಗೆ 12ನೇ ನಿಯಮ, ವಜಾದಂಥ ದೊಡ್ಡದಕ್ಕೆ 11ನೇ ನಿಯಮ. ದೊಡ್ಡದಾದರೆ ದೋಷಾರೋಪಣಾ ಪಟ್ಟಿ, ಸಾಕ್ಷಿ, ಪಾಟೀ ಸವಾಲು ಎಲ್ಲ ಆಗಲೇಬೇಕು. ನಿಮ್ಮ ಪರವಾಗಿ ಇನ್ನೊಬ್ಬ ನೌಕರರ ನೆರವು ಪಡೆಯಬಹುದು. ನಿಮ್ಮ ಜೊತೆ ಜಗಳವಾಡಿದವರೇ ವಿಚಾರಣಾಧಿಕಾರಿ ಆಗುವಂತಿಲ್ಲ. ವರದಿ ಬಂದ ಮೇಲೆ ಅದರ ಪ್ರತಿ ಕೊಟ್ಟು ನಿಮ್ಮ ಮಾತು ಕೇಳದೆ ಶಿಕ್ಷೆ ಕೊಡಬಾರದು. ಸುಪ್ರೀಂ ಕೋರ್ಟ್ ಇದನ್ನು 1993ರಲ್ಲೇ, ಕರುಣಾಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಅಮಾನತಿನಲ್ಲಿರುವಾಗ ಸಂಬಳದ ಬದಲು ಕೊಡುವ ಜೀವನಾಧಾರ ಭತ್ಯೆ ನಿಮ್ಮ ಹಕ್ಕು. ಇದರ ಮಹತ್ವದ ತೀರ್ಪು ನಮ್ಮ ಕೋಲಾರದ ಚಿನ್ನದ ಗಣಿಯಿಂದಲೇ ಬಂದದ್ದು. ಅಲ್ಲಿನ ಭದ್ರತಾ ಅಧಿಕಾರಿ ಪಾಲ್ ಆಂಟನಿ ಅವರಿಗೆ ಭತ್ಯೆ ಕೊಡಲಿಲ್ಲ. ಕೇರಳದಿಂದ ವಿಚಾರಣೆಗೆ ಬರಲು ಅವರ ಹತ್ತಿರ ಹಣ ಇರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ ವಜಾ ಮಾಡಿದರು. 1999ರಲ್ಲಿ ಸುಪ್ರೀಂ ಕೋರ್ಟ್ ಆ ವಿಚಾರಣೆಯೇ ಸರಿಯಿಲ್ಲ ಅಂದಿತು.

ಹೈಕೋರ್ಟ್ ವಿಷಯಕ್ಕೆ ಬರೋಣ. ಬರೀ ನೋಟಿಸ್ ಬಂದಾಗ ಹೋದರೆ ಕೋರ್ಟ್ ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಅಮಾನತನ್ನು ಪ್ರಶ್ನಿಸಬಹುದು, ಆದರೆ ಮೊದಲು ಮೇಲ್ಮನವಿ ಕೊಡಿ. ಅದಕ್ಕೂ ಗಡುವಿದೆ, ಮರೆಯಬೇಡಿ. ಅಮಾನತಿನ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಮೂರು ತಿಂಗಳೊಳಗೆ ದೋಷಾರೋಪಣಾ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಸಬಾರದು ಅಂತ 2015ರ ಅಜಯ್ ಕುಮಾರ್ ಚೌಧರಿ ತೀರ್ಪಿನಲ್ಲಿದೆ. ಆ ದಿನ ದಾಟಿದರೆ ವಕೀಲರನ್ನು ನೋಡಿ. ಆಗ ನಿಮ್ಮ ಕೈಲಿ ಸೀಲ್ ಬಿದ್ದ ಕಾಗದಗಳೂ ಇರುತ್ತವೆ, ಅಲ್ವಾ?

'ನನಗೆ ಮಾತ್ರ ಯಾಕೆ' ಅನ್ನುವ ನಿಮ್ಮ ಸಂಕಟ ನ್ಯಾಯವಾದದ್ದೇ. ಇಬ್ಬರು ಕೂಗಾಡಿದಾಗ ಒಬ್ಬರನ್ನೇ ಹಿಡಿದು ಕೇಳುವುದು ತಪ್ಪು. ಆದರೆ ಅದನ್ನು ನಿಮ್ಮ ಉತ್ತರದೊಳಗೆ ತುರುಕಬೇಡಿ, ಬೇರೆಯೇ ದೂರು ಕೊಡಿ. ಅವರ ಮಾತಿನಲ್ಲಿ ಲೈಂಗಿಕ ಕಿರುಕುಳದ ಅಂಶ ಇದ್ದರೆ ಮೂರು ತಿಂಗಳೊಳಗೆ ಆಂತರಿಕ ದೂರು ಸಮಿತಿಗೆ ಬರೆಯಿರಿ.

ಪ್ರಶ್ನೆ: ನಮ್ಮ ವಿಭಾಗದಲ್ಲಿ ಇಬ್ಬರು ಹಿರಿಯ ಪ್ರೊಫೆಸರ್‌ಗಳ ನಡುವೆ ಜಗಳ. ಒಬ್ಬರ ಮೇಲೆ ಕ್ರಮ ಆಗಲಿ ಅಂತ ಕುಲಪತಿಯವರಿಗೆ ಪತ್ರ ತಯಾರಾಗಿದೆ. ಸಹಿ ಹಾಕಿ ಅಂತ ದಿನಾ ಫೋನ್. ನಾನು ಅತಿಥಿ ಉಪನ್ಯಾಸಕ. ಏನು ಮಾಡಲಿ?

ಉತ್ತರ: ಕಣ್ಣಾರೆ ಕಾಣದ್ದಕ್ಕೆ ಸಹಿ ಹಾಕಬೇಡಿ. 'ಸರ್, ನಾನು ಆ ದಿನ ಅಲ್ಲಿರಲಿಲ್ಲ' ಅಂತ ಇಬ್ಬರಿಗೂ ಒಂದೇ ಮಾತು ಹೇಳಿ. ನೀವು ನಿಜವಾಗಿ ನೋಡಿದ್ದರೆ ನೋಡಿದಷ್ಟನ್ನು ಸ್ವಂತ ಅಕ್ಷರದಲ್ಲಿ, ತಾರೀಖು ಹಾಕಿ ಇವತ್ತೇ ಬರೆದಿಟ್ಟುಕೊಳ್ಳಿ. ವಿಚಾರಣಾಧಿಕಾರಿ ಕರೆದಾಗ ಅದನ್ನೇ ಹೇಳಿ. ನಿಮ್ಮ ಕೆಲಸ ವರ್ಷ ವರ್ಷ ನವೀಕರಣವಾಗಬೇಕಾದದ್ದು, ಭಯ ಸಹಜ. ನಿಮ್ಮಂಥವರ ಸಹಿಗೆ ದುಂಬಾಲು ಬೀಳುವ ಹಿರಿಯರ ಮೇಲೆ ನನಗೆ ನಿಜಕ್ಕೂ ಬೇಸರವಿದೆ.

ಒಂದು ಕೆಲಸ ಮಾತ್ರ ಮಾಡಿ. ಆ ಇಬ್ಬರ ಹತ್ತಿರ ಸಂಶೋಧನೆ ಮಾಡುತ್ತಿರುವ ಮಕ್ಕಳಲ್ಲಿ ಯಾರ ಪ್ರಗತಿ ವರದಿಗಾದರೂ ಸಹಿ ನಿಂತಿದ್ದರೆ, ಮಾರ್ಗದರ್ಶಕರ ಬದಲಾವಣೆಗೆ ಅರ್ಜಿ ಕೊಡಬಹುದು ಅಂತ ಅವರಿಗೆ ತಿಳಿಸಿ. ಫೆಲೋಶಿಪ್ ಬಿಲ್ ನಿಂತು ಪಿಜಿ ಬಾಡಿಗೆ ಕಟ್ಟಲಾಗದೆ ಪರದಾಡುವವರು ಅವರೇ.