ಮಗ ಚಿನ್ನದ ಗಣಿ ಹುಡುಕಲು ಹೊರಟಿದ್ದಾನೆ, ಕಳಿಸಲೇ?

ಪ್ರಶ್ನೆ: ನನ್ನ ಮಗ ಅಮೆರಿಕದ ಫೀನಿಕ್ಸ್‌ನಲ್ಲಿ ಕೆಲಸದಲ್ಲಿದ್ದಾನೆ. ಊರಿಗೆ ಹತ್ತಿರದ ಸೂಪರ್‌ಸ್ಟಿಷನ್ ಬೆಟ್ಟಗಳಲ್ಲಿ ‘ಲಾಸ್ಟ್ ಡಚ್‌ಮನ್’ ಅನ್ನೋ ಚಿನ್ನದ ಗಣಿ ಇತ್ತಂತೆ, ಈಗ ಯಾರಿಗೂ ಸಿಗುತ್ತಿಲ್ಲವಂತೆ. ಅವನು ದುಡ್ಡು ಕೊಟ್ಟು ಒಂದು ನಕ್ಷೆ ತಗೊಂಡಿದ್ದಾನೆ. ಜುಲೈ ರಜೆಯಲ್ಲಿ ಗೆಳೆಯರ ಜೊತೆ ಹೋಗ್ತಾನಂತೆ. ಕಥೆ ನಿಜವೇ? ಕಳಿಸಬಹುದೇ?
— ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ಜುಲೈನಲ್ಲಿ ಬೇಡವೇ ಬೇಡ ಅಂತ ಇವತ್ತೇ ಫೋನ್ ಮಾಡಿ ಹೇಳಿ. ಉಳಿದ ಮಾತು ಆಮೇಲೆ. 2010ರ ಜುಲೈನಲ್ಲಿ ಯೂಟಾ ರಾಜ್ಯದಿಂದ ಬಂದ ಮೂವರು ಇದೇ ಗಣಿ ಹುಡುಕುತ್ತಾ ಒಳಗೆ ಹೋದರು, ಅವರ ಮೂಳೆಗಳು ಸಿಕ್ಕಿದ್ದು ಮುಂದಿನ ಜನವರಿಯಲ್ಲಿ. ಬೇಸಿಗೆಯಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಳೆತ್ತರ ಮೀರಿದ ಕಳ್ಳಿ ಗಿಡಗಳಿವೆ, ಕೂರೋಕೆ ನೆರಳಿಲ್ಲ. ಬಂಡೆಗಳು ಕಾದ ಹೆಂಚಿನ ಹಾಗಾಗುತ್ತವೆ, ಹೊತ್ತ ನೀರು ಮುಗಿದರೆ ಮತ್ತೆ ಸಿಗುತ್ತೆ ಅನ್ನೋ ಭರವಸೆ ಇಲ್ಲ.

ಕಥೆಯಲ್ಲಿ ಬರುವ ‘ಡಚ್‌ಮನ್’ ಅನ್ನೋ ಮನುಷ್ಯ ನಿಜ. ಜೇಕಬ್ ವಾಲ್ಟ್ಜ್ ಅಂತ ಹೆಸರು, ಜರ್ಮನಿಯವನು. ಜರ್ಮನ್ನರು ತಮ್ಮನ್ನು ‘ಡಾಯ್ಚ್’ ಅಂತ ಕರೆದುಕೊಳ್ಳುತ್ತಾರೆ, ಅದೇ ಅಮೆರಿಕದವರ ಬಾಯಲ್ಲಿ ಡಚ್ ಆಯಿತು. ಫೀನಿಕ್ಸ್‌ನಲ್ಲಿ ಸಾಲ್ಟ್ ನದಿಯ ಹತ್ತಿರ ಅವನಿಗೆ ಜಮೀನಿತ್ತು. 1891ರ ಪ್ರವಾಹದಲ್ಲಿ ಅದು ಹಾಳಾಯಿತು, ಮುದುಕ ಹಾಸಿಗೆ ಹಿಡಿದ. ಅವನನ್ನು ಮನೆಗೆ ಕರೆತಂದು ನೋಡಿಕೊಂಡವಳು ಜೂಲಿಯಾ ಥಾಮಸ್, ಊರಿನಲ್ಲಿ ಬೇಕರಿ ನಡೆಸುತ್ತಿದ್ದ ಹೆಂಗಸು. ಅದೇ ವರ್ಷ ಅಕ್ಟೋಬರ್ 25ರಂದು ಅವನು ತೀರಿಕೊಂಡ. ಸಾಯುವ ಮುಂಚೆ ಗಣಿಯ ಗುರುತು ಹೇಳಿದ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಚಿನ್ನದ ಅದಿರು ಇತ್ತು ಅನ್ನೋದು ಕಥೆ.

ಜೂಲಿಯಾ ಆ ಮಾತು ನಂಬಿದಳು. 1892ರ ಬೇಸಿಗೆಯಲ್ಲಿ, ಇದ್ದಬದ್ದ ದುಡ್ಡನ್ನೆಲ್ಲ ಸುರಿದು, ಪೆಟ್ರಾಶ್ ಅಣ್ಣತಮ್ಮಂದಿರ ಜೊತೆ ಆ ಬೆಟ್ಟಕ್ಕೆ ಹೋಗಿ, ಬರಿಗೈಯಲ್ಲಿ ವಾಪಸ್ ಬಂದಳು. ಆಮೇಲೆ ಹೊಟ್ಟೆಪಾಡಿಗೆ ನಕ್ಷೆ ಬರೆದು ಒಂದೊಂದು 7 ಡಾಲರ್‌ಗೆ ಮಾರಿದಳು ಅಂತಾರೆ. ನನಗೆ ಈ ಕಥೆಯಲ್ಲಿ ಜಾಸ್ತಿ ನೋವಾಗೋದು ಅವಳ ಬಗ್ಗೆಯೇ. ಮುದುಕನ ಬಾಯಿಂದ ನೇರವಾಗಿ ದಾರಿ ಕೇಳಿದವಳು ಅಂತ ಹೆಸರಾದವಳಿಗೇ ಗಣಿ ಸಿಗಲಿಲ್ಲ. ನೂರಮೂವತ್ತು ವರ್ಷದ ನಂತರ ಬಂದ ನಕ್ಷೆ ದಾರಿ ತೋರಿಸುತ್ತಾ?

1931ರಲ್ಲಿ ಅಡಾಲ್ಫ್ ರೂತ್ ಅನ್ನೋ ಹಿರಿಯರು ಇನ್ನೊಂದು ನಕ್ಷೆ ಹಿಡಿದು ಹೋದರು. ಡಿಸೆಂಬರ್‌ನಲ್ಲಿ ತೂತು ಬಿದ್ದ ಅವರ ತಲೆಬುರುಡೆ ಸಿಕ್ಕಿತು. ಪತ್ರಿಕೆಗಳಲ್ಲಿ ಇದು ಬಂದಿದ್ದೇ ತಡ, ಗಣಿಯ ಹೆಸರು ದೇಶವೆಲ್ಲ ಹರಡಿತು.

ಇನ್ನು ಕಲ್ಲಿನ ಮಾತು. ನಮ್ಮ ಕೋಲಾರದಲ್ಲಿ ಚಿನ್ನ ಸಿಕ್ಕಿದ್ದು ಬಹಳ ಹಳೆಯ ಕಪ್ಪು ಕಲ್ಲಿನ ನಡುವೆ ಹಾದ ಬೆಣಚುಕಲ್ಲಿನ ಎಳೆಗಳಲ್ಲಿ. ಸೂಪರ್‌ಸ್ಟಿಷನ್ ಬೆಟ್ಟಗಳು ಹಾಗಲ್ಲ. ಸುಮಾರು ಎರಡು ಕೋಟಿ ವರ್ಷದ ಹಿಂದೆ ಜ್ವಾಲಾಮುಖಿಗಳು ಉಗುಳಿದ ಬೂದಿ, ಲಾವಾ ಗಟ್ಟಿಯಾಗಿ ಆದವು. ಅಂಥ ಕಲ್ಲಿದ್ದ ಕಡೆಯೆಲ್ಲ ಚಿನ್ನ ಇರಲ್ಲ ಅಂತಲ್ಲ, ಆದರೆ ಈ ಬೆಟ್ಟಗಳ ಒಳಗೆ ಹೇಳಿಕೊಳ್ಳುವಂಥ ಚಿನ್ನ ಯಾರಿಗೂ ಸಿಕ್ಕಿಲ್ಲ. ಪಶ್ಚಿಮದ ಅಂಚಿನಲ್ಲಿ, ಗೋಲ್ಡ್‌ಫೀಲ್ಡ್‌ನಲ್ಲಿ, 1890ರ ದಶಕದಲ್ಲಿ ನಿಜವಾದ ಗಣಿ ನಡೆಯಿತು, ಕೆಲವೇ ವರ್ಷದಲ್ಲಿ ಆ ಊರು ಖಾಲಿಯಾಯಿತು.

ಪ್ರಶ್ನೆ: ಪೆರಾಲ್ಟಾ ಅನ್ನೋ ಮೆಕ್ಸಿಕೋ ಕುಟುಂಬದ ಗಣಿಯಂತೆ ಅದು, ಅಲ್ಲಿನ ಮೂಲನಿವಾಸಿಗಳಾದ ಅಪಾಚೆ ಜನ ಅವರನ್ನೆಲ್ಲ ಕೊಂದು ಗಣಿ ಮುಚ್ಚಿಟ್ಟರಂತೆ. ಹೌದೇ?

ಉತ್ತರ: ಆ ಹತ್ಯಾಕಾಂಡಕ್ಕೆ ಗಟ್ಟಿ ದಾಖಲೆಯಿಲ್ಲ. ಅದೇ ಹೆಸರು ಹೇಳಿಕೊಂಡು ಜೇಮ್ಸ್ ರೀವಿಸ್ ಅನ್ನೋನು ಅರಿಜೋನಾದ ದೊಡ್ಡ ಭಾಗ ತನ್ನದು ಅಂತ ಕಾಗದ ತೋರಿಸಿದ್ದ, 1895ರಲ್ಲಿ ನ್ಯಾಯಾಲಯ ಅದು ಖೋಟಾ ಅಂದಿತು. ಅದು ಬೇರೆ ಕಥೆ, ಆದರೆ ಪೆರಾಲ್ಟಾ ಅಂದ ತಕ್ಷಣ ನಂಬಬೇಡಿ. ಅಪಾಚೆಗಳಿಗೆ ಆ ಬೆಟ್ಟ ಪವಿತ್ರ ಜಾಗ. ತಮ್ಮ ನೆಲದಿಂದ ಎಬ್ಬಿಸಿ ಮೀಸಲು ಪ್ರದೇಶಗಳಿಗೆ ತಳ್ಳಿಸಿಕೊಂಡ ಜನರನ್ನು ಸುಮ್ನೆ ಚಿನ್ನ ಕಾಯುವ ಕೊಲೆಗಾರರನ್ನಾಗಿ ಮಾಡಿದ್ದು ಅನ್ಯಾಯ ಅಲ್ವಾ?

ಪ್ರಶ್ನೆ: ಒಂದು ವೇಳೆ ಸಿಕ್ಕರೆ ಅವನದ್ದಾಗುತ್ತಾ?

ಉತ್ತರ: ಇಲ್ಲ. ಸುಮಾರು 1,60,000 ಎಕರೆ ಸಂರಕ್ಷಿತ ಕಾಡುಪ್ರದೇಶ ಅದು, 1984ರಿಂದ ಅಲ್ಲಿ ಹೊಸ ಗಣಿ ಹಕ್ಕು ಪಡೆಯುವಂತಿಲ್ಲ.

ಆದರೆ ಬೆಟ್ಟ ನೋಡುವ ಆಸೆ ಮುರಿಯಬೇಡಿ. ಡಿಸೆಂಬರ್ ಅಥವಾ ಜನವರಿಯಲ್ಲಿ ಹೋಗಲಿ. ಪೆರಾಲ್ಟಾ ಟ್ರೈಲ್ ಅನ್ನೋ ಕಾಲುದಾರಿ ಹಿಡಿದು ಫ್ರೀಮಾಂಟ್ ಸ್ಯಾಡಲ್‌ವರೆಗೆ ಹತ್ತಿದರೆ, ಎಲ್ಲ ನಕ್ಷೆಗಳಲ್ಲೂ ಬರುವ ವೀವರ್ಸ್ ನೀಡಲ್ ಎದುರಿಗೇ ನಿಂತಿರುತ್ತದೆ, ಸುಮಾರು 300 ಮೀಟರ್ ಎತ್ತರದ ಒಂಟಿ ಕಲ್ಲುಗೋಪುರ. ಹೋಗಿ ಬರೋಕೆ ಏಳೆಂಟು ಕಿಲೋಮೀಟರ್. ಫೋನ್ ಸಿಗ್ನಲ್ ನಂಬಬಾರದು, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮೊದಲೇ ತಿಳಿಸಲಿ. ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಬೆಳಿಗ್ಗೆ 7ಕ್ಕೆ ಅವನು ಹತ್ತೋಕೆ ಶುರು ಮಾಡಿದರೆ ನಿಮಗೆ ರಾತ್ರಿ ಊಟದ ಹೊತ್ತು. ಇಳಿದ ಕೂಡಲೇ ಮೆಸೇಜ್ ಹಾಕು, ಎದ್ದಿರ್ತೀನಿ ಅಂತ ಹೇಳಿಡಿ.