ಸಂಬಳದಿಂದ ಕಟ್ ಆಗುವ 10% ನಾಳೆ ಸಿಗ್ತದಾ?

ಮಾಷ್ಟ್ರೇ, 2015ರಲ್ಲಿ ಕೇರಳದ ಮಂಜೇಶ್ವರದ ಸರ್ಕಾರಿ ಶಾಲೆಗೆ ಸೇರಿದ್ದು, ಪೆನ್ಶನ್‌ಗೆ ಅಂತ ಸಂಬಳದಿಂದ ಕಟ್ ಆಗುವ ದುಡ್ಡು ನಾಳೆ ಸಿಗ್ತದಾ ಅಂತ ಕೇಳಿದ್ರಲ್ಲ. ಸಿಗ್ತದೆ, ಅದು ನಿಮ್ಮ ಪ್ರಾನ್ (ನಿಮ್ಮ ಹೆಸರಿನ ಪೆನ್ಶನ್ ಖಾತೆ ನಂಬರ್) ಅಕೌಂಟಲ್ಲೇ ಉಂಟು. ಆದ್ರೆ ಎನ್‌ಪಿಎಸ್‌ನಲ್ಲಿ, ಅಂದ್ರೆ ನೀವೂ ಸರ್ಕಾರವೂ ದುಡ್ಡು ಹಾಕುವ ಈ ರಾಷ್ಟ್ರೀಯ ಪೆನ್ಶನ್ ವ್ಯವಸ್ಥೆಯಲ್ಲಿ, ತಿಂಗಳಿಗೆ ಇಷ್ಟೇ ಪೆನ್ಶನ್ ಅಂತ ಗ್ಯಾರಂಟಿ ಇಲ್ಲ, ಮಾರ್ಕೆಟ್ ಹೇಗೋ ಹಾಗೆ, ಅದೇ ಬೇಜಾರು. ಕೇರಳದಲ್ಲಿ 2013 ಏಪ್ರಿಲ್ 1ರಿಂದ ಸೇರಿದವರಿಗೆ ಈ ಪಾಲುದಾರಿಕೆ ಪೆನ್ಶನ್, ನಿಮ್ಮದು 10% ಸರ್ಕಾರದ್ದೂ 10%, ಕೇಂದ್ರದ ನೌಕರರಿಗೆ ನೋಡಿದ್ರೆ 2019ರಿಂದಲೇ ಸರ್ಕಾರದ ಪಾಲು 14% ಮಾಡಿದ್ದಾರೆ, ಆ ನಾಲ್ಕು ಪರ್ಸೆಂಟ್ ಇಪ್ಪತ್ತೈದು ಮೂವತ್ತು ವರ್ಷ ಬೆಳೆದ್ರೆ ಎಷ್ಟಾಗ್ತದೆ ನೀವೇ ಲೆಕ್ಕ ಹಾಕಿ. ಹಳೇ ಪೆನ್ಶನ್ ಬೇರೆ, ಅದನ್ನು ವರ್ಷ ವರ್ಷ ಬಜೆಟಿಂದಲೇ ಕೊಡೋದು. ನಮ್ಮ ಮಕ್ಕಳಿಗೆ ಕನ್ನಡ ಕಲಿಸುವವರು ಮುಪ್ಪಿನಲ್ಲಿ ಕೈ ಚಾಚಬಾರದು ಮಾರಾಯ್ರೆ. ಪ್ರಾನ್ ಸ್ಟೇಟ್‌ಮೆಂಟ್ ತೆಗೆದು ಸರ್ಕಾರದ ಪಾಲು ಪ್ರತಿ ತಿಂಗಳು ಬಿದ್ದಿದ್ಯಾ ನೋಡಿ, ಒಂದು ತಿಂಗಳು ತಪ್ಪಿದ್ರೂ ಬರವಣಿಗೆಯಲ್ಲೇ ಕೇಳಿ.